ದನ ಬೇಡ ಎಂದ ದನದೂರು: ಅಬಿಲೀನ್, 1867–1872

1872ರ ಫೆಬ್ರವರಿ ತಿಂಗಳು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ಚಿಕ್ಕ ಊರಿನವರು ಒಂದು ಸುತ್ತೋಲೆ ಬರೆದು ದಕ್ಷಿಣದ ಟೆಕ್ಸಸ್ ಕಡೆಗೆ ಕಳಿಸಿದರು. ಅದರ ಸಾರ ಇಷ್ಟೇ: ಈ ಸಲ ಇಲ್ಲಿಗೆ ದನ ಹೊಡೆದುಕೊಂಡು ಬರುವ ಯೋಚನೆ ಇದ್ದವರು ದಯವಿಟ್ಟು ಬೇರೆ ಜಾಗ ನೋಡಿಕೊಳ್ಳಿ, ಈ ವ್ಯಾಪಾರದ ಕೆಡುಕನ್ನು ನಮ್ಮ ಡಿಕಿನ್ಸನ್ ಕೌಂಟಿಯ ಜನ ಇನ್ನು ತಡೆದುಕೊಳ್ಳುವುದಿಲ್ಲ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ರೈತರ ರಕ್ಷಣಾ ಸಂಘದವರು, ಅಧಿಕಾರಿಗಳು, ಊರಿನ ನಾಗರಿಕರು ಸೇರಿ ಇದನ್ನು ಹೊರಡಿಸಿದ್ದರು.

ಊರಿನ ಹೆಸರು ಅಬಿಲೀನ್. ಐದು ವರ್ಷದ ಹಿಂದೆ ಅದನ್ನು ಯಾರೂ ಕೇಳಿರಲಿಲ್ಲ. ಟೆಕ್ಸಸ್‌ನ ದನ ಬಂದ ಮೇಲೆಯೇ ಅದಕ್ಕೊಂದು ಹೆಸರು, ಹೋಟೆಲು, ಅಂಗಡಿ ಬೀದಿ ಎಲ್ಲ ಬಂದದ್ದು. ಉಣ್ಣುವ ತಟ್ಟೆಯನ್ನೇ ದೂಡಿದ ಹಾಗೆ ಆಯಿತಲ್ಲ, ಯಾಕೆ?

ಸಿನಿಮಾ ನೋಡಿ ಬೆಳೆದ ನಮಗೆ ಥಟ್ಟನೆ ಹೊಳೆಯುವ ಉತ್ತರ ಪಿಸ್ತೂಲು. ಕುಡುಕ ಕೌಬಾಯ್‌ಗಳು, ನಡುಬೀದಿಯ ಗುಂಡಿನ ಕಾಳಗ, ಬೇಸತ್ತ ಊರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆ ಐದು ವರ್ಷದ ಕತೆಯನ್ನು ಒಂದೊಂದೇ ಎಳೆ ಬಿಡಿಸಿ ನೋಡಿದರೆ ಕೊನೆಗೆ ಸಿಗುವುದು ನಮ್ಮ ಯಾವ ಹಳ್ಳಿಯಲ್ಲಾದರೂ ಕೇಳುವ ಜಗಳ: ನಿನ್ನ ದನ ನನ್ನ ಹೊಲಕ್ಕೆ ಯಾಕೆ ಬಂತು?

ಹನ್ನೆರಡು ಗುಡಿಸಲು

ಆ ಹುಲ್ಲುಗಾವಲು ಮೊದಲು ಕಾ ಎಂಬ ಮೂಲನಿವಾಸಿಗಳು ಬೇಟೆಯಾಡುತ್ತಿದ್ದ ನೆಲ. ಕ್ಯಾನ್ಸಸ್ ಎಂಬ ಹೆಸರೇ ಅವರಿಂದ ಬಂದದ್ದು. 1857ರಲ್ಲಿ ತಿಮೊತಿ ಹರ್ಸಿ ಎಂಬುವನು ಸ್ಮೋಕಿ ಹಿಲ್ ನದಿಯ ಹತ್ತಿರ, ಮಡ್ ಕ್ರೀಕ್ ಎಂಬ ಹಳ್ಳದ ದಂಡೆಯಲ್ಲಿ ಮನೆ ಮಾಡಿದ. ಹಳ್ಳದ ಹೆಸರಿನ ಅರ್ಥವೇ ಕೆಸರು ಹಳ್ಳ. ಊರಿನ ಹೆಸರನ್ನು ಬೈಬಲ್‌ನ ಲೂಕನ ಸುವಾರ್ತೆಯಿಂದ ಎತ್ತಿಕೊಂಡರು.

ಹತ್ತು ವರ್ಷ ಕಳೆದರೂ ಅಲ್ಲಿದ್ದದ್ದು ಹನ್ನೆರಡರಷ್ಟು ಮರದ ದಿಮ್ಮಿಯ ಗುಡಿಸಲು. ಹೆಚ್ಚಿನವಕ್ಕೆ ಮಣ್ಣಿನ ಮಾಳಿಗೆ. ಒಂದು ಸಲೂನ್ ಇತ್ತು. ಅಲ್ಲಿ ಸಲೂನ್ ಅಂದರೆ ಹೆಂಡದಂಗಡಿ, ನಮ್ಮ ಕಟಿಂಗ್ ಶಾಪ್ ಅಲ್ಲ. ಅದರ ಮಾಲೀಕ ಬಿಡುವಿದ್ದಾಗ ಪ್ರೇರಿ ಡಾಗ್ ಎಂಬ ಅಳಿಲಿನ ಜಾತಿಯ ಪ್ರಾಣಿಗಳನ್ನು ಸಾಕಿ, ದಾರಿಹೋಕರಿಗೆ ಮಾರುತ್ತಿದ್ದನಂತೆ. ಊರಿನ ವ್ಯಾಪಾರ ವಹಿವಾಟು ಎಷ್ಟಿತ್ತು ಅನ್ನುವುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಡ.

ಆದರೆ ಊರ ಪಕ್ಕದಲ್ಲೇ ಹೊಸದಾಗಿ ರೈಲು ಹಳಿ ಬಿದ್ದಿತ್ತು. ಸುತ್ತ ಬೇಕಾದಷ್ಟು ಹುಲ್ಲು, ನೀರು. ಜನವೇ ಇಲ್ಲ. ಒಬ್ಬ ದಲ್ಲಾಳಿಯ ಕಣ್ಣಿಗೆ ಇಷ್ಟು ಸಾಕಾಗಿತ್ತು.

ನಾಲ್ಕು ಡಾಲರ್ ದನ, ನಲವತ್ತು ಡಾಲರ್ ದನ

ಆ ದಲ್ಲಾಳಿ ಜೋಸೆಫ್ ಮ್ಯಾಕಾಯ್. ಇಲಿನಾಯ್ ರಾಜ್ಯದವನು, ಅಣ್ಣಂದಿರ ಜೊತೆ ದನದ ವ್ಯಾಪಾರ ಮಾಡುತ್ತಿದ್ದ. 1867ರಲ್ಲಿ ಅವನಿಗೆ 29 ವರ್ಷ.

ಅವನ ತಲೆಯಲ್ಲಿದ್ದ ಲೆಕ್ಕ ಸರಳ. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದಾಗ ಟೆಕ್ಸಸ್‌ನಲ್ಲಿ ದನ ಲಕ್ಷಗಟ್ಟಲೆ ಬೆಳೆದು ನಿಂತಿದ್ದವು. ಯುದ್ಧದ ಕಾಲಕ್ಕೆ ಮಾರಾಟ ನಿಂತಿತ್ತು, ನೋಡಿಕೊಳ್ಳುವ ಗಂಡಸರು ಊರಲ್ಲಿರಲಿಲ್ಲ. ಉದ್ದ ಕೊಂಬಿನ ಆ ಲಾಂಗ್‌ಹಾರ್ನ್ ದನ ಕಾಡು ಬಿದ್ದು ಸಂಸಾರ ಬೆಳೆಸಿಕೊಂಡಿತ್ತು. ಅಲ್ಲಿ ಒಂದು ದನಕ್ಕೆ ಮೂರು ನಾಲ್ಕು ಡಾಲರ್. ಉತ್ತರದ ನಗರಗಳಲ್ಲಿ ಅದೇ ದನ ಮಾಂಸಕ್ಕೆ ಮೂವತ್ತರಿಂದ ನಲವತ್ತು ಡಾಲರ್. ನಡುವೆ ಇದ್ದ ದೊಡ್ಡ ಅಡ್ಡಿ ದೂರ. ಟೆಕ್ಸಸ್‌ನಿಂದ ಉತ್ತರಕ್ಕೆ ಆಗ ರೈಲು ಇರಲಿಲ್ಲ.

ದನ ನಡೆಯುತ್ತದೆ, ರೈಲು ನಡೆಯುವುದಿಲ್ಲ. ಹಾಗಾದರೆ ದನವನ್ನೇ ರೈಲಿನ ಹತ್ತಿರಕ್ಕೆ ನಡೆಸಿಕೊಂಡು ಬಂದರೆ?

ಒಂದು ರೈಲು ಕಂಪನಿಯ ದೊಡ್ಡ ಮನುಷ್ಯ ಮ್ಯಾಕಾಯ್‌ನನ್ನು ಮಾತೇ ಕೇಳದೆ ಹೊರಗೆ ಕಳಿಸಿದ. ಕ್ಯಾನ್ಸಸ್ ಪೆಸಿಫಿಕ್ ರೈಲಿನವರು ಅರ್ಧ ಮನಸ್ಸಿನಿಂದ ಒಪ್ಪಿದರು: ದೊಡ್ಡಿ ನೀನೇ ಕಟ್ಟಿಕೋ, ದನ ಬಂದರೆ ಬೋಗಿಗೆ ಇಷ್ಟು ಅಂತ ಕೊಡುತ್ತೇವೆ. ಹಳಿಯ ಮೇಲಿದ್ದ ಜಂಕ್ಷನ್ ಸಿಟಿ, ಸೊಲೊಮನ್, ಸಲೈನಾ ಊರಿನವರಿಗೆ ದನದ ಗಲಾಟೆಯೇ ಬೇಡವಾಗಿತ್ತು. ಅಬಿಲೀನ್‌ನಲ್ಲಿ ಬೇಡ ಅನ್ನುವಷ್ಟು ಜನವೇ ಇರಲಿಲ್ಲ. ಊರು ಆಯ್ಕೆಯಾದದ್ದು ಹೀಗೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮಿಸೌರಿ ರಾಜ್ಯದಿಂದ ಪೈನ್ ಮರ ತರಿಸಿ, ಸುಮಾರು ಎರಡು ತಿಂಗಳಲ್ಲಿ ಮ್ಯಾಕಾಯ್ ದೊಡ್ಡಿ ಎಬ್ಬಿಸಿದ. ಸಾವಿರಗಟ್ಟಲೆ ದನ ಹಿಡಿಯುವ ದೊಡ್ಡಿ, ಹಿಂಡುಗಟ್ಟಲೆ ತೂಗುವ ದೊಡ್ಡ ತಕ್ಕಡಿ, ರೈಲಿಗೆ ಹತ್ತಿಸುವ ಏರುದಾರಿ, ಮತ್ತು ಡ್ರೋವರ್ಸ್ ಕಾಟೇಜ್ ಎಂಬ ದೊಡ್ಡ ಹೋಟೆಲು. ಡ್ರೋವರ್ ಅಂದರೆ ದನ ಹೊಡೆದು ತರುವ ಸಾಹುಕಾರ. ದಾರಿಯಲ್ಲಿ ಅಲೆಯುತ್ತಿದ್ದ ಹಿಂಡುಗಳನ್ನು ಹುಡುಕಿ, ಇಂಥ ಕಡೆ ಕೊಳ್ಳುವವರಿದ್ದಾರೆ ಎಂದು ಹೇಳಿ ಬರಲು ಒಬ್ಬನನ್ನು ಕುದುರೆ ಹತ್ತಿಸಿ ದಕ್ಷಿಣಕ್ಕೆ ಕಳಿಸಿದ.

1867ರ ಸೆಪ್ಟೆಂಬರ್ 5ರಂದು 20 ಬೋಗಿ ತುಂಬ ದನ ಹೊತ್ತ ಮೊದಲ ರೈಲು ಶಿಕಾಗೋ ಕಡೆಗೆ ಹೊರಟಿತು. ಹಿಂದಿನ ರಾತ್ರಿ ಇಲಿನಾಯ್‌ನಿಂದ ಬಂದ ವ್ಯಾಪಾರಿಗಳಿಗೆ ಡೇರೆ ಹಾಕಿ ಭರ್ಜರಿ ಊಟ ಹಾಕಿಸಿದ್ದರು. ಆ ವರ್ಷ ಬಂದ ದನ ಸುಮಾರು 35,000. ಮರುವರ್ಷ 75,000. 1870ರಲ್ಲಿ 3 ಲಕ್ಷ.

ಬರಬೇಕಾದ ದಾರಿಗೆ ಚಿಸಂ ಟ್ರೇಲ್ ಎಂದು ಹೆಸರು. ಜೆಸ್ಸಿ ಚಿಸಂ ಎಂಬುವನು ಚೆರೊಕೀ ತಾಯಿಯ, ಸ್ಕಾಟ್ ತಂದೆಯ ಮಗ. ಗಾಡಿಯಲ್ಲಿ ಸಾಮಾನು ಹೇರಿಕೊಂಡು ಮೂಲನಿವಾಸಿಗಳ ಜೊತೆ ವ್ಯಾಪಾರ ಮಾಡುತ್ತಿದ್ದ. ಅವನ ಗಾಡಿ ಜಾಡನ್ನೇ ದನದವರು ಹಿಡಿದರು. 1868ರಲ್ಲಿ ಅವನು ತೀರಿಕೊಂಡ. ದನ ಹೊಡೆದವನಾಗಿ ಅಲ್ಲ, ಗಾಡಿ ಹೊಡೆದವನಾಗಿ ದನದ ದಾರಿಗೆ ಹೆಸರು ಬಿಟ್ಟುಹೋದ. ದಾರಿಯ ಕೊನೆಯ ತುಂಡಿನಲ್ಲಿ ಗುರುತು ಸಿಗಲಿ ಅಂತ ಮ್ಯಾಕಾಯ್ ಮಣ್ಣಿನ ಗುಡ್ಡೆಗಳನ್ನು ಹಾಕಿಸಿದ. ನಮ್ಮ ಹೊಲದ ಗಡಿಗೆ ಹಾಕುವ ಗುಡ್ಡೆಯ ಹಾಗೇ.

ಮ್ಯಾಕಾಯ್ ಮಾತುಗಾರ, ಜಂಬದವನು, ಪ್ರಚಾರದಲ್ಲಿ ಪಳಗಿದವನು. 1868ರಲ್ಲಿ ವ್ಯಾಪಾರ ಬಿದ್ದಾಗ ಕಾಡೆಮ್ಮೆಗಳನ್ನು ಹಗ್ಗ ಹಾಕಿ ಹಿಡಿಸಿ, ರೈಲು ಬೋಗಿಯಲ್ಲಿ ತುಂಬಿ, ಬೋಗಿಯ ಮೈಮೇಲೆ ಜಾಹೀರಾತು ಬರೆಸಿ, ಶಿಕಾಗೋ ಕಡೆಗೆ ಮೆರವಣಿಗೆ ಕಳಿಸಿದ್ದ. ಜನ ಕಾಡೆಮ್ಮೆ ನೋಡಲು ಬಂದು ದನದ ದರ ಕೇಳಿ ಹೋದರು. ಅವನ ಜೇಬಿಗೆ ಮಾತ್ರ ಕೊನೆಗೆ ಉಳಿದದ್ದು ಕಡಿಮೆ. ರೈಲು ಕಂಪನಿಯವರು ನೆನೆಸದಷ್ಟು ದನದ ಸಾಗಣೆ ಬೆಳೆಯಿತು, ಅವರು ಕೊಟ್ಟ ಮಾತಿಗೆ ತಪ್ಪಿದರು. ಅವನು ಕೋರ್ಟಿಗೆ ಹೋಗಬೇಕಾಯಿತು. ತೀರ್ಪು ಅವನ ಕಡೆಗೇ ಆಯಿತು, ಆದರೆ ಅಷ್ಟರಲ್ಲಿ ಅವನು ಹಣದ ಮುಗ್ಗಟ್ಟಿನಲ್ಲಿ ಸಿಕ್ಕಿಬಿದ್ದಿದ್ದ.

ಹಳಿಯ ಆಚೆ, ಹಳಿಯ ಈಚೆ

ಒಂದು ಹಿಂಡಿನಲ್ಲಿ ಎರಡು ಮೂರು ಸಾವಿರ ದನ. ಅದರ ಹಿಂದೆ ಹತ್ತು ಹನ್ನೆರಡು ಜನ, ಅಡುಗೆಯವನೊಬ್ಬ, ಕುದುರೆ ನೋಡಿಕೊಳ್ಳುವ ಹುಡುಗನೊಬ್ಬ. ದಿನಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರ್ ನಡಿಗೆ. ಜಾಸ್ತಿ ಓಡಿಸಿದರೆ ದನ ಸೊರಗುತ್ತದೆ, ಸೊರಗಿದರೆ ದರ ಬೀಳುತ್ತದೆ. ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ ಮುಗಿಯಲು ಎರಡು ಮೂರು ತಿಂಗಳು. ಕೌಬಾಯ್‌ಗೆ ತಿಂಗಳ ಸಂಬಳ 30ರಿಂದ 40 ಡಾಲರ್. ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು. ಅವರಲ್ಲಿ ಕಪ್ಪು ಜನರೂ ಮೆಕ್ಸಿಕನ್ನರೂ ಬೇಕಾದಷ್ಟಿದ್ದರು, ಸಿನಿಮಾದವರು ಮರೆತರು ಅಷ್ಟೇ.

ಮೂರು ತಿಂಗಳು ಧೂಳು ತಿಂದ ಹುಡುಗನ ಕೈಗೆ ಒಂದೇ ದಿನ ಇಡೀ ಸಂಬಳ ಬಿದ್ದರೆ ಏನಾಗುತ್ತದೆ? ಮೊದಲು ಸ್ನಾನ, ಕ್ಷೌರ. ಆಮೇಲೆ ಹೊಸ ಬಟ್ಟೆ, ಹೊಸ ಬೂಟು. ಟೆಕ್ಸಸ್ ನಕ್ಷತ್ರದ ಗುರುತು ಹಾಕಿ ಬೂಟು ಹೊಲಿದುಕೊಡುವ ಅಂಗಡಿಗೆ ಬಿಡುವೇ ಇರಲಿಲ್ಲ. ಆಮೇಲೆ ಸಲೂನ್, ಇಸ್ಪೀಟು, ಕುಣಿತದ ಮನೆ, ಸೂಳೆಗೇರಿ. ಒಂದು ವಾರದಲ್ಲಿ ಜೇಬು ಖಾಲಿ.

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ನೋಡಿದವರಿಗೆ ಅರ್ಧ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಧೂಳು, ಸಗಣಿ ವಾಸನೆ, ಚೌಕಾಸಿ, ದಲ್ಲಾಳಿಗಳ ಓಡಾಟ. ಇನ್ನರ್ಧ ಮಾತ್ರ ಪೂರಾ ಬೇರೆ. ನಮ್ಮ ಜಾತ್ರೆಗೆ ರೈತ ಎತ್ತು ತರುತ್ತಾನೆ, ಇನ್ನೊಬ್ಬ ರೈತ ಕೊಳ್ಳುತ್ತಾನೆ. ಇಬ್ಬರಿಗೂ ಹೊಲ ಇದೆ. ಅಬಿಲೀನ್‌ನಲ್ಲಿ ತಂದವನು ಟೆಕ್ಸಸ್‌ನವನು, ಕೊಂಡವನು ಶಿಕಾಗೋದವನು, ದನ ಹೋಗುವುದು ಕಸಾಯಿಖಾನೆಗೆ. ಊರಿನವನಿಗೆ ದನವೇ ಇಲ್ಲ! ಅವನು ದನದವನಿಗೆ ಊಟ, ಹಾಸಿಗೆ, ವಿಸ್ಕಿ ಮಾರುವವನು. ದನದೂರು ಎಂಬ ಹೆಸರೇ ಸ್ವಲ್ಪ ಮೋಸದ್ದು.

ರೈಲು ಹಳಿ ಊರನ್ನು ಎರಡು ಮಾಡಿತ್ತು. ಉತ್ತರಕ್ಕೆ ಸಂಸಾರಸ್ಥರ ಮನೆ, ಚರ್ಚು, ಶಾಲೆ. ದಕ್ಷಿಣಕ್ಕೆ ಟೆಕ್ಸಸ್ ಬೀದಿ. ಹಳಿಯ ಈಚೆ ಇದ್ದರೆ ಕ್ಯಾನ್ಸಸ್, ಆಚೆ ದಾಟಿದರೆ ಟೆಕ್ಸಸ್ ಅಂತ ಊರಿನವರು ಹೇಳಿಕೊಳ್ಳುತ್ತಿದ್ದರು. ಆ ಬೀದಿಯ ಆಲಮೋ ಸಲೂನ್‌ಗೆ ಗಾಜಿನ ಬಾಗಿಲು, ಒಳಗೆ ದೊಡ್ಡ ದೊಡ್ಡ ಚಿತ್ರಪಟ. ಸೂಳೆಗೇರಿಯನ್ನು 1871ರಲ್ಲಿ ಊರ ಅಂಚಿಗೆ ಸರಿಸಿದಾಗ ಜನ ಅದಕ್ಕೆ ಸೈತಾನನ ಬಡಾವಣೆ ಅಂತ ಹೆಸರಿಟ್ಟರು.

ಬೇಸಿಗೆಯಲ್ಲಿ ಸಾವಿರಗಟ್ಟಲೆ ಜನ ಬೀಡುಬಿಡುತ್ತಿದ್ದ ಊರು ಚಳಿಗಾಲ ಬಂತೆಂದರೆ ಜಾತ್ರೆ ಮುಗಿದ ಮೈದಾನ. ಕೆಲವು ನೂರು ಜನ ಉಳಿಯುತ್ತಿದ್ದರು. ಅಂಗಡಿಯವರಲ್ಲೂ ಎಷ್ಟೋ ಜನ ದನದ ಜೊತೆಗೇ ಬಂದು ದನದ ಜೊತೆಗೇ ಹೋಗುವವರು.

ಒಬ್ಬಾಕೆಯ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಡ್ರೋವರ್ಸ್ ಕಾಟೇಜ್ ನಡೆಸುತ್ತಿದ್ದ ಲೂ ಗೋರ್. ಕಾಯಿಲೆ ಬಿದ್ದ ಟೆಕ್ಸಸ್ ಹುಡುಗರ ಆರೈಕೆ ಮಾಡುತ್ತಿದ್ದಳು. ಮನೆಯಿಂದ ತಿಂಗಳುಗಟ್ಟಲೆ ದೂರ ಇದ್ದ ಆ ಹುಡುಗರಿಗೆ ಅಬಿಲೀನ್ ಅಂದರೆ ಪಿಸ್ತೂಲಿಗಿಂತ ಮೊದಲು ಆಕೆಯ ಮುಖ ನೆನಪಿಗೆ ಬರುತ್ತಿದ್ದಿರಬೇಕು.

ಉಣ್ಣೆ ಮತ್ತು ಮುಸುಕಿನ ಜೋಳ

ಈಗ ಜಗಳದ ಬೇರಿಗೆ ಬರೋಣ.

ಟೆಕ್ಸಸ್ ದನ ಹಾದುಹೋದ ಕಡೆಯಲ್ಲೆಲ್ಲ ಸ್ಥಳೀಯ ದನ ಸಾಯುತ್ತಿದ್ದವು. ಜ್ವರ, ರಕ್ತದ ಬಣ್ಣದ ಮೂತ್ರ, ಕೆಲವೇ ದಿನಗಳಲ್ಲಿ ಸಾವು. ಬಂದ ದನ ಮಾತ್ರ ಗಟ್ಟಿಮುಟ್ಟಾಗಿ ಹುಲ್ಲು ಮೇಯುತ್ತಿದ್ದವು. ರೈತನಿಗೆ ಹೇಗಾಗಿರಬೇಡ! ಟೆಕ್ಸಸ್‌ನವರು ಇದೆಲ್ಲ ಸುಮ್ನೆ ನೆಪ, ನಮ್ಮ ದನಕ್ಕೆ ಏನೂ ಆಗಿಲ್ಲ ನೋಡಿ ಅನ್ನುತ್ತಿದ್ದರು. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದರು.

ಕಾರಣ ಉಣ್ಣೆ, ನಾವು ಉಣುಗು ಅಂತಲೂ ಕರೆಯುವ ರಕ್ತ ಹೀರುವ ಹುಳ. ಟೆಕ್ಸಸ್ ದನ ಕರುವಾಗಿದ್ದಾಗಲೇ ಈ ರೋಗ ಉಂಡು ಜೀರ್ಣಿಸಿಕೊಂಡಿರುತ್ತಿದ್ದವು. ಅವುಗಳ ಮೈಯಿಂದ ಉದುರಿದ ಉಣ್ಣೆ ಹುಲ್ಲಿನಲ್ಲಿ ಮೊಟ್ಟೆಯಿಟ್ಟು, ಮರಿಗಳು ಊರ ದನಕ್ಕೆ ಹತ್ತುತ್ತಿದ್ದವು. ಹಾಗಾಗಿ ಹಿಂಡು ಹೋಗಿ ವಾರಗಳಾದ ಮೇಲೆ ಸಾವು ಶುರುವಾಗುತ್ತಿತ್ತು. ಗಾಳಿಯೋ, ಎಂಜಲೋ, ಸಗಣಿಯೋ ಅಂತ ಜನ ಊಹಿಸುತ್ತ ಕೂತರು. ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ಇಬ್ಬರು ಉಣ್ಣೆಯೇ ಕಾರಣ ಎಂದು ತೋರಿಸಿಕೊಟ್ಟು ಪ್ರಕಟಿಸಿದ್ದು 1893ರಲ್ಲಿ. ಅಬಿಲೀನ್ ಜಗಳ ಮುಗಿದು ಇಪ್ಪತ್ತು ವರ್ಷದ ಮೇಲೆ. ನಮ್ಮ ಪಶುವೈದ್ಯರು ಬೆಬೆಸಿಯೋಸಿಸ್ ಅನ್ನುವುದು ಇದನ್ನೇ.

ಇಲ್ಲಿ ಕನ್ನಡ ನಾಡಿನ ನಂಟೊಂದು ಇದೆ. ಉಣ್ಣೆಯನ್ನೂ ಬಿಸಿಲನ್ನೂ ತಡೆಯುವ ತಳಿ ಬೇಕು ಅಂತ ಆಮೇಲೆ ಅಮೆರಿಕದ ದಕ್ಷಿಣದವರು ಭಾರತದ ಡುಬ್ಬದ ದನಗಳನ್ನು ತರಿಸಿಕೊಂಡರು. ಗಿರ್, ಗುಜರಾತಿನ ಕಾಂಕ್ರೇಜ್, ಆಂಧ್ರದ ಓಂಗೋಲ್, ಜೊತೆಗೆ ನಮ್ಮ ಕೃಷ್ಣಾ ತೀರದ ಕೃಷ್ಣಾ ವ್ಯಾಲಿ. ಇವು ಬೆರೆತು ಹುಟ್ಟಿದ ತಳಿಗೆ ಅಲ್ಲಿ ಬ್ರಾಹ್ಮನ್ ಎಂದು ಹೆಸರು.

ರೋಗದ ಹೆದರಿಕೆಯಿಂದ ಕ್ಯಾನ್ಸಸ್ ಸರ್ಕಾರ ಮೊದಲೇ ಒಂದು ಗಡಿ ಗೆರೆ ಎಳೆದಿತ್ತು. ಗೆರೆಯ ಪೂರ್ವಕ್ಕೆ ಬೇಸಿಗೆಯಲ್ಲಿ ಟೆಕ್ಸಸ್ ದನ ಬರಕೂಡದು. ಅಬಿಲೀನ್ ಇದ್ದದ್ದು ಗೆರೆಯ ಪೂರ್ವಕ್ಕೇ! ಅಂದರೆ ಇಡೀ ವ್ಯಾಪಾರ ನಿಂತದ್ದು ಕಾನೂನನ್ನು ಬಗ್ಗಿಸಿ. ಗವರ್ನರ್ ಸಾಹೇಬರು ಮ್ಯಾಕಾಯ್‌ಗೆ ಬೆನ್ನು ತಟ್ಟಿ ಕಳಿಸಿದ್ದರು, ಮಿಕ್ಕವರು ಕಣ್ಣು ಮುಚ್ಚಿಕೊಂಡರು.

ಸುತ್ತಲ ರೈತರು ಮೊದಲ ವರ್ಷವೇ ಸಭೆ ಸೇರಿ ತಡೆಯಲು ಹೊರಟಿದ್ದರು. ಆ ಸಭೆಗೆ ಮ್ಯಾಕಾಯ್ ಡ್ರೋವರ್‌ಗಳನ್ನೂ ಕರೆದುಕೊಂಡು ಹೋದ. ಅವನು ಭಾಷಣ ಮಾಡುತ್ತಿದ್ದರೆ, ಡ್ರೋವರ್‌ಗಳು ಹಿಂದೆ ಕೂತು ರೈತರ ಹತ್ತಿರ ಬೆಣ್ಣೆ, ಮೊಟ್ಟೆ, ಆಲೂಗೆಡ್ಡೆ, ಜೋಳಕ್ಕೆ ದುಪ್ಪಟ್ಟು ದರ ಹೇಳತೊಡಗಿದರು. ಸಭೆ ಕರಗಿತು. ಈ ವ್ಯಾಪಾರದಲ್ಲಿ ನನಗೂ ನಾಲ್ಕು ಕಾಸು ಸಿಗುವುದಾದರೆ ಜ್ವರಕ್ಕೆ ಹೆದರುವವನಲ್ಲ ಅಂತ ಮುಂದಾಳೇ ತಿರುಗಿಬಿಟ್ಟ. ಕತೆ ಬರೆದಿಟ್ಟವನು ಮ್ಯಾಕಾಯ್, ಸ್ವಲ್ಪ ಉಪ್ಪು ಖಾರ ಸೇರಿರಬಹುದು. ಆದರೂ ನಂಬುವಂಥದ್ದೇ. ದನ ಸತ್ತವರಿಗೆ ಒಂದಿಷ್ಟು ಪರಿಹಾರವನ್ನೂ ಅವನು ಕೊಡಿಸಿದ.

ಮೊಟ್ಟೆ ಬೆಣ್ಣೆಯ ಈ ಒಪ್ಪಂದ ನಿಂತದ್ದು ರೈತರು ಕಡಿಮೆ ಇದ್ದಷ್ಟು ದಿನ. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಐದು ವರ್ಷ ಉತ್ತು ಬಿತ್ತಿ ವಾಸ ಮಾಡಿದವನಿಗೆ 160 ಎಕರೆ ಸ್ವಂತ. ರೈಲು ಕಂಪನಿಯೂ ತನಗೆ ಸಿಕ್ಕ ಜಮೀನು ಮಾರುತ್ತಿತ್ತು. ಅದೇ ರೈಲು ದನ ಹೊತ್ತು ಪೂರ್ವಕ್ಕೆ ಹೋಗಿ, ಬರುವಾಗ ರೈತ ಸಂಸಾರಗಳನ್ನು ಹೊತ್ತು ತರುತ್ತಿತ್ತು. ಬೇಡ ಅನ್ನುವಷ್ಟು ಜನ ಈಗ ಬಂದರು.

ದನ ಬಂದ ದಿನವೇ ರೈಲು ಹತ್ತುತ್ತಿರಲಿಲ್ಲ. ದರ ಕುದುರುವವರೆಗೆ, ಮೈ ತುಂಬುವವರೆಗೆ ವಾರಗಟ್ಟಲೆ ಊರ ಸುತ್ತ ಹತ್ತಾರು ಮೈಲಿ ಮೇಯುತ್ತಿದ್ದವು. ನಿನ್ನೆವರೆಗೆ ಗೋಮಾಳದ ಹಾಗಿದ್ದ ಆ ಬಯಲಿನಲ್ಲಿ ಇವತ್ತು ಯಾರದೋ ಮುಸುಕಿನ ಜೋಳ. ರಾತ್ರಿ ಗುಡುಗಿಗೆ ಬೆದರಿ ಎರಡು ಸಾವಿರ ದನ ಓಡಿದರೆ ಬೆಳಗ್ಗೆ ಹೊಲದಲ್ಲಿ ಏನು ಉಳಿಯುತ್ತದೆ?

ಬೇಲಿ ಹಾಕಬೇಕಾದವರು ಯಾರು, ಬೆಳೆ ಇಟ್ಟವನೋ ದನ ಇಟ್ಟವನೋ? ಇಡೀ ಪ್ರಕರಣ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಬಯಲಿನಲ್ಲಿ ಮರವೇ ಕಡಿಮೆ, 160 ಎಕರೆ ಸುತ್ತ ಮರದ ಬೇಲಿ ಹಾಕಿಸುವುದು ಬಡ ಒಕ್ಕಲಿಗನ ಕೈಲಾಗದ ಮಾತು. ಗ್ಲಿಡನ್ ಎಂಬುವನ ಮುಳ್ಳುತಂತಿಗೆ ಪೇಟೆಂಟ್ ಸಿಕ್ಕಿದ್ದು 1874ರಲ್ಲಿ. ಅದಕ್ಕೆ ಮೊದಲೇ ಕ್ಯಾನ್ಸಸ್ ಇನ್ನೊಂದು ದಾರಿ ಹಿಡಿಯಿತು. ಕೌಂಟಿ ಒಪ್ಪಿದ ಕಡೆ ದನ ಕಾಯುವ ಹೊಣೆ ದನದವನದೇ, ಬೆಳೆ ಹಾಳಾದರೆ ಅವನೇ ತೆರಬೇಕು ಅಂತ 1872ರಲ್ಲಿ ಕಾನೂನು ಬಂತು. ನಮ್ಮಲ್ಲಿ ಹೊಲಕ್ಕೆ ಬಿದ್ದ ದನವನ್ನು ದೊಡ್ಡಿಗೆ ಹೊಡೆದು ದಂಡ ಕಟ್ಟಿಸಿಕೊಳ್ಳುವುದಿಲ್ಲವೇ, ಹಾಗೆ.

ಇನ್ನು ಪಿಸ್ತೂಲು

ಇದನ್ನು ಬೇಗ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವುದು ಇದೊಂದೇ.

1869ರಲ್ಲಿ ಊರಿಗೆ ಪುರಸಭೆಯ ಹಕ್ಕು ಸಿಕ್ಕಿತು. ಪಿಸ್ತೂಲು ಹಿಡಿದು ತಿರುಗಕೂಡದು ಅಂತ ಬೋರ್ಡು ಹಾಕಿದರೆ ಕೌಬಾಯ್‌ಗಳು ಬೋರ್ಡಿಗೇ ಗುಂಡು ಹೊಡೆದರು. ಜೈಲು ಕಟ್ಟಿದರೆ ಅದನ್ನು ಕೆಡವಿದರು. ಮತ್ತೆ ಕಟ್ಟಿದಾಗ ಮೊದಲು ಒಳಗೆ ಹೋದವನು ಟೆಕ್ಸಸ್ ತಂಡವೊಂದರ ಕಪ್ಪು ಅಡುಗೆಯವನು. ಊಟಕ್ಕೆ ತೊಂದರೆಯಾಯಿತಲ್ಲ, ಹುಡುಗರು ಬಂದು ಬೀಗ ಒಡೆದು ಬಿಡಿಸಿಕೊಂಡು ಹೋದರು.

1870ರ ಜೂನ್‌ನಲ್ಲಿ ಟಾಮ್ ಸ್ಮಿತ್ ಮಾರ್ಷಲ್, ಅಂದರೆ ಊರಿನ ಪೊಲೀಸ್ ಮುಖ್ಯಸ್ಥ, ಆದ. ಪಿಸ್ತೂಲಿಗಿಂತ ಮುಷ್ಟಿಯನ್ನೇ ನಂಬಿದವನು. ಎದುರು ನಿಂತವನನ್ನು ಒಂದೇ ಏಟಿಗೆ ಮಲಗಿಸಿ, ಅವನ ಪಿಸ್ತೂಲು ಕಿತ್ತುಕೊಂಡು ಕಳಿಸುತ್ತಿದ್ದ. ಆ ಬೇಸಿಗೆ ಅಬಿಲೀನ್ ಸುಮ್ಮನಾಯಿತು. ನವೆಂಬರ್ 2ರಂದು ಅವನು ಕೊಲೆಯಾದ. ಕೊಂದವರು ಕೌಬಾಯ್‌ಗಳಲ್ಲ. ಊರಿಂದಾಚೆ ಮಣ್ಣಿನ ಗೂಡುಮನೆಯಲ್ಲಿದ್ದ ಮ್ಯಾಕ್‌ಕಾನೆಲ್ ಎಂಬ ಒಕ್ಕಲಿಗ ಮತ್ತು ಅವನ ಜೊತೆಗಾರ ಮೈಲ್ಸ್. ಕೆಲವು ದಿನದ ಹಿಂದೆ ಮ್ಯಾಕ್‌ಕಾನೆಲ್ ತನ್ನ ನೆರೆಯವನಾದ ಶೇ ಎಂಬುವನನ್ನು ಗುಂಡಿಟ್ಟು ಕೊಂದಿದ್ದ. ಜಗಳ ಶುರುವಾದದ್ದು ಶೇ ದನ ಹೊಡೆದುಕೊಂಡು ಇವನ ಜಮೀನಿನ ಮೇಲೆ ಹಾದದ್ದಕ್ಕೆ. ಅವನನ್ನು ಹಿಡಿಯಲು ಹೋದ ಸ್ಮಿತ್‌ನ ಮೇಲೆ ಗುಂಡು ಹಾರಿಸಿ, ಕೊಡಲಿಯಿಂದ ಕಡಿದರು.

ಮುಂದಿನ ಏಪ್ರಿಲ್‌ನಲ್ಲಿ, ಮ್ಯಾಕಾಯ್ ಮೇಯರ್ ಆಗಿದ್ದಾಗ, ತಿಂಗಳಿಗೆ 150 ಡಾಲರ್ ಸಂಬಳಕ್ಕೆ ಬಂದವನು ವೈಲ್ಡ್ ಬಿಲ್ ಹಿಕಾಕ್. ಜಗತ್ತಿಗೆಲ್ಲ ಹೆಸರಾದ ಗುಂಡುಗಾರ. ಹೆಚ್ಚು ಹೊತ್ತು ಆಲಮೋ ಸಲೂನ್‌ನಲ್ಲಿ ಇಸ್ಪೀಟು ಆಡುತ್ತ ಇದ್ದ. ಅಬಿಲೀನ್‌ನಲ್ಲಿ ಅವನು ಕೊಂದದ್ದು ಇಬ್ಬರನ್ನು, ಅದೂ ಒಂದೇ ರಾತ್ರಿ. ಅಕ್ಟೋಬರ್ 5ರಂದು ಜೂಜುಗಾರ ಫಿಲ್ ಕೋನನ್ನು ಹೊಡೆದ. ನೆರವಿಗೆ ಓಡಿ ಬಂದ ತನ್ನ ಗೆಳೆಯ ಮೈಕ್ ವಿಲಿಯಮ್ಸ್‌ನನ್ನೂ ಗೊತ್ತಿಲ್ಲದೆ ಹೊಡೆದುಬಿಟ್ಟ. ಡಿಸೆಂಬರ್‌ನಲ್ಲಿ ಇನ್ನು ನಿನ್ನ ಕೆಲಸ ಇಲ್ಲ ಅಂತ ಊರಿನವರು ಕಳಿಸಿದರು. ಎಂಟು ತಿಂಗಳ ನೌಕರಿ.

ಅಬಿಲೀನ್, ಎಲ್ಸ್‌ವರ್ತ್, ವಿಚಿಟಾ, ಡಾಡ್ಜ್ ಸಿಟಿ, ಕಾಲ್ಡ್‌ವೆಲ್ ಈ ಐದೂ ದನದೂರುಗಳಲ್ಲಿ 1870ರಿಂದ 1885ರವರೆಗೆ ಆದ ಕೊಲೆಗಳನ್ನು ಒಬ್ಬ ಇತಿಹಾಸಕಾರ ಎಣಿಸಿದ್ದಾನೆ. ಒಟ್ಟು 45. ಅಷ್ಟು ಚಿಕ್ಕ ಊರುಗಳಿಗೆ ಇದೇನು ಕಡಿಮೆಯಲ್ಲ. ಆದರೆ ದಿನಕ್ಕೊಂದು ಹೆಣ ಬೀಳುತ್ತಿದ್ದ ಊರುಗಳೂ ಇವಲ್ಲ.

ಸುತ್ತೋಲೆಯ ಹಿಂದೆ

ಸುತ್ತೋಲೆಯ ಹಿಂದಿದ್ದ ಮುಖ್ಯ ಮನುಷ್ಯ ಟಿ. ಸಿ. ಹೆನ್ರಿ. ಊರಿನ ಮೊದಲ ಮುಖ್ಯಸ್ಥ. ವೃತ್ತಿಯಲ್ಲಿ ಜಮೀನು ಮಾರಿಸುವವನು. ಗೂಳಿಗೂ ಜಮೀನಿಗೂ ಆಗಿಬರುವುದಿಲ್ಲ. ಬಯಲು ದನಕ್ಕೆ ಬಿಟ್ಟಷ್ಟು ದಿನ ಎಕರೆಗೆ ಬೆಲೆ ಬರುವುದಿಲ್ಲ, ರೈತ ಬಂದರೆ ಬರುತ್ತದೆ. ಸುತ್ತೋಲೆಯಲ್ಲಿ ಇದ್ದದ್ದು ಕೆಡುಕಿನ ಮಾತು, ಅದರ ಅಡಿಯಲ್ಲಿ ಎಕರೆಯ ಲೆಕ್ಕವೂ ಇತ್ತು. ಹೀಗೆಂದು ಹೆನ್ರಿಯನ್ನು ಕಪಟಿ ಅನ್ನಲಾರೆ. ಕುಡುಕರ ಗಲಾಟೆಯಿಂದ ಹೆಂಗಸರು ಮಕ್ಕಳು ರೋಸಿಹೋದದ್ದು ನಿಜ, ಬೆಳೆ ತುಳಿದುಹೋದದ್ದೂ ನಿಜ. ಎಲ್ಲವೂ ಒಂದೇ ಕಡೆಗೆ ಬೊಟ್ಟು ಮಾಡಿದವು ಅಷ್ಟೇ.

ಇನ್ನೊಂದು ವಿಷಯವನ್ನು ಊರಿನ ಹೆಮ್ಮೆಯ ಕತೆ ಹೇಳುವವರು ಬಿಟ್ಟುಬಿಡುತ್ತಾರೆ. 1871ರ ಬೇಸಿಗೆಯಲ್ಲಿ ಸಾಂತಾ ಫೆ ರೈಲು ಅಬಿಲೀನ್‌ಗಿಂತ ದಕ್ಷಿಣಕ್ಕಿದ್ದ ನ್ಯೂಟನ್ ತಲುಪಿತ್ತು. ಟೆಕ್ಸಸ್‌ನಿಂದ ಬರುವವನಿಗೆ ಅದು ಹತ್ತಿರ. ಅದೇ ವರ್ಷ ಕ್ಯಾನ್ಸಸ್‌ಗೆ 6 ಲಕ್ಷದಷ್ಟು ದನ ಬಂದು ದರ ಕುಸಿಯಿತು. ಅರ್ಧದಷ್ಟು ಮಾರಾಟವಾಗದೆ ಉಳಿದವು, ಆ ಚಳಿಗಾಲದ ಹಿಮದಲ್ಲಿ ರಾಶಿ ರಾಶಿ ಸತ್ತವು. ಅಂದರೆ ದನ ಹೇಗೂ ಜಾಗ ಬಿಡಲು ಹೊರಟಿತ್ತು. ಹೊರಟ ನೆಂಟನಿಗೆ ಅಬಿಲೀನ್ ಬಾಗಿಲು ತೋರಿಸಿತು. ತಡೆದಿದ್ದರೆ ಇನ್ನೊಂದೆರಡು ವರ್ಷ ನಿಲ್ಲುತ್ತಿತ್ತೇನೋ.

1872ರ ಬೇಸಿಗೆಯಲ್ಲಿ ಟೆಕ್ಸಸ್ ಬೀದಿ ಬಿಕೋ ಅಂದಿತು. ದನ ಎಲ್ಸ್‌ವರ್ತ್‌ಗೆ, ವಿಚಿಟಾಗೆ ಹೋಯಿತು. ಅಂಗಡಿಯವರು ಗಂಟುಮೂಟೆ ಕಟ್ಟಿದರು. ಡ್ರೋವರ್ಸ್ ಕಾಟೇಜ್‌ನ ದೊಡ್ಡ ಭಾಗವನ್ನೇ ಬಿಚ್ಚಿ ರೈಲಿಗೆ ಹೇರಿ ಎಲ್ಸ್‌ವರ್ತ್‌ಗೆ ಒಯ್ದರು! ಉಳಿದ ವರ್ತಕರು ಮಾಡಿದ್ದು ತಪ್ಪಾಯಿತೇನೋ ಅಂತ ಗೊಣಗಿದರು. ಮ್ಯಾಕಾಯ್ ಆಮೇಲೆ ಬರೆದದ್ದನ್ನು ಓದಿದರೆ ಅವನ ಹೊಟ್ಟೆಯುರಿ ಇನ್ನೂ ಆರಿದ ಹಾಗೆ ಕಾಣುವುದಿಲ್ಲ.

ಹೆನ್ರಿ ಮಾತ್ರ ಸ್ಮೋಕಿ ಹಿಲ್ ನದಿಯ ತಗ್ಗಿನಲ್ಲಿ ಚಳಿಗಾಲದ ಗೋಧಿ ಬಿತ್ತುತ್ತಿದ್ದ. ಅಲ್ಲಿ ಅದು ಬೆಳೆಯುತ್ತದೆ ಎಂದು ಹೆಚ್ಚಿನವರು ನಂಬಿರಲಿಲ್ಲ. 1874ರಲ್ಲಿ ಮಿಡತೆ ಹಿಂಡು ಬಂದು ಹಸಿರಾಗಿದ್ದ ಬೆಳೆಯನ್ನೆಲ್ಲ ತಿಂದಿತು. ಆದರೆ ಚಳಿಗಾಲದ ಗೋಧಿ ಮಿಡತೆ ಬರುವ ಮೊದಲೇ ಕೊಯ್ಲಾಗುವ ಬೆಳೆ. ಅದೇ ವರ್ಷ ರಷ್ಯಾದಿಂದ ಬಂದ ಮೆನೊನೈಟ್ ಪಂಥದ ರೈತರು ಟರ್ಕಿ ರೆಡ್ ಎಂಬ ಗೋಧಿ ಬೀಜ ತಂದರು. ಹತ್ತು ವರ್ಷದೊಳಗೆ ಹೆನ್ರಿಗೆ ಗೋಧಿ ರಾಜ ಎಂಬ ಹೆಸರು ಬಂತು.

ಅಬಿಲೀನ್ ಈಗಲೂ ಆರೂವರೆ ಸಾವಿರ ಜನರ ಊರು. ಅಮೆರಿಕದ ಅಧ್ಯಕ್ಷನಾದ ಐಸೆನ್‌ಹೋವರ್ ಬೆಳೆದದ್ದು ಇಲ್ಲೇ, ಅವನ ಸಮಾಧಿಯೂ ಇಲ್ಲೇ. ದನದ ಕಾಲವನ್ನು ಊರು ಮರೆತಿಲ್ಲ, ಮರೆಯುವುದು ಹೇಗೆ, ಪ್ರವಾಸಿಗಳು ಬರುವುದೇ ಅದಕ್ಕೆ. ಪ್ರತಿ ಆಗಸ್ಟ್‌ನಲ್ಲಿ ಕುದುರೆ, ಗೂಳಿ ಪಳಗಿಸುವ ಆಟದ ಮೇಳ ನಡೆಯುತ್ತದೆ. ಅದಕ್ಕಿಟ್ಟ ಹೆಸರು ವೈಲ್ಡ್ ಬಿಲ್ ಹಿಕಾಕ್ ರೋಡಿಯೊ.

ಟಾಮ್ ಸ್ಮಿತ್‌ನ ನೆನಪು ಬಂದದ್ದು ತಡವಾಗಿ. 1904ರಲ್ಲಿ ಅವನ ಸಮಾಧಿಯ ಮೇಲೆ ದೊಡ್ಡ ಬಂಡೆ ತಂದು ನಿಲ್ಲಿಸಿದರು. ಆ ದಿನ ಭಾಷಣ ಮಾಡಿದವನು, ಆಗ ಮುದುಕನಾಗಿದ್ದ ಟಿ. ಸಿ. ಹೆನ್ರಿ. ಕೌಬಾಯ್‌ಗಳ ಗೊಂದಲದಲ್ಲಿ ಕಾನೂನನ್ನು ನಿಲ್ಲಿಸಿದ ಧೀರ ಎಂದು ಬಂಡೆಯ ಮೇಲಿನ ಫಲಕದಲ್ಲಿ ಬರೆದಿದೆ. ಮ್ಯಾಕ್‌ಕಾನೆಲ್‌ನ ಜಮೀನಿನ ಮೇಲೆ ಹಾದುಹೋದ ದನದ ಮಾತು ಅದರಲ್ಲಿ ಇಲ್ಲ.